ಸಂಪಿನೊಳಗಿನ ಮೀನು

ಮಗಳ ಮೀನಿನ ತೊಟ್ಟಿ ತೊಳೆಯುವಾಗ ಬಂದ ಪಾಚಿಯ ವಾಸನೆ ನನ್ನನ್ನು ಕುಂದಾಣದ ತವರುಮನೆಯ ನೆಲದಡಿಯ ನೀರಿನ ಸಂಪಿನೊಳಕ್ಕೆ ಇಳಿಸಿಬಿಟ್ಟಿತು.

ಸಂಪಿನ ಬಾಯಿ ಕಿರಿದು. ಯುಗಾದಿಗೆ ಮುಂಚೆ ಅದನ್ನು ತೊಳೆಯಲು ಮನೆಯಲ್ಲಿ ಚಿಕ್ಕವಳಾದ ನನ್ನನ್ನೇ ಇಳಿಸುತ್ತಿದ್ದರು. ಒಂದು ಸಲ ಮೊಣಕಾಲುದ್ದ ನೀರಿನಲ್ಲಿ ನಿಂತು ಗೋಡೆ ಉಜ್ಜುತ್ತಿದ್ದೆ. ಉಪ್ಪುಕಾಗದದಷ್ಟು ಒರಟಾದದ್ದೇನೋ ಹಿಮ್ಮಡಿ ಸವರಿತು. ಆಮೇಲೆ ತಣ್ಣನೆಯ ಬಾಯೊಂದು ಕಾಲಿಗೆ ಅಂಟಿಕೊಂಡಿತು.

"ಅಪ್ಪಾ, ಏನೋ ಹಿಡ್ಕಂಡೈತೆ!"

ಮೇಲಿನ ಬೆಳಕಿನ ಚೌಕದಲ್ಲಿ ಅಪ್ಪನ ಮುಖ ಬಗ್ಗಿತು. "ಹೆದರ್ಬೇಡ ಕಣವ್ವಾ, ಸಕ್ಕರ್ ಮೀನು. ಪಾಚಿ ತಿನ್ಲಿ ಅಂತ ಹೋದ್ವರ್ಷ ನಾನೇ ಬಿಟ್ಟಿದ್ದೆ. ಮರ್ತೇಹೋಗಿತ್ತು."

ಬೆರಳುದ್ದ ಬಿಟ್ಟದ್ದು ಮೊಳದುದ್ದವಾಗಿತ್ತು. ವರ್ಷವಿಡೀ ಆ ಕತ್ತಲಲ್ಲಿ, ನಮ್ಮ ಕಾಲ ಕೆಳಗೇ.

"ಲೈಟ್ ಆಫ್ ಮಾಡಮ್ಮಾ, ಮೀನು ಮಲಕ್ಕೊಳ್ಳಲಿ" ಎನ್ನುತ್ತಾಳೆ ಮಗಳು, ತೊಳೆದಿಟ್ಟ ತೊಟ್ಟಿಯ ಮುಂದೆ ನಿಂತು.

ಸ್ವಿಚ್ಚಿನವರೆಗೆ ಹೋದ ಕೈ ಅಲ್ಲೇ ನಿಲ್ಲುತ್ತದೆ.

"ಲೈಟ್ ಇರ್ಲಿ ಬಿಡೇ" ಎನ್ನುತ್ತೇನೆ.