ಪುಣಜನೂರಿನ ಒಣ ಬಂಡೆ

೧೯೯೫ರ ಜನವರಿಯಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಬಂದಿಳಿದಾಗ ನನ್ನ ಹುದ್ದೆ ಹಿರಿಯ ಭೂವಿಜ್ಞಾನಿಯದು, ಕೆಲಸ ಬಂಡೆ ಹುಡುಕುವುದು. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಆ ಸೀಮೆಯಲ್ಲಿ ಬಂಡೆಗೇನು ಬರವೇ ಎಂದು ನೀವು ನಗಬಹುದು. ನನ್ನ ಹೆಂಡತಿಯೂ ನಕ್ಕಿದ್ದಳು. ಆದರೆ ನನಗೆ ಬೇಕಾಗಿದ್ದುದು ಬಿರುಕಿಲ್ಲದ, ನೀರಿಲ್ಲದ ಬಂಡೆ.

ಅಣುವಿದ್ಯುತ್ ಸ್ಥಾವರಗಳ ತ್ಯಾಜ್ಯದಲ್ಲಿ ಒಂದು ಪಾಲು ಸಾವಿರಾರು ವರ್ಷ ವಿಷವಾಗಿಯೇ ಉಳಿಯುತ್ತದೆ. ಅದನ್ನು ಗಾಜಿನೊಳಗೆ ಕರಗಿಸಿ, ಉಕ್ಕಿನ ಡಬ್ಬಿಯಲ್ಲಿಟ್ಟು, ನೆಲದಡಿ ಬಹಳ ಆಳದಲ್ಲಿ ಹೂಳಬೇಕೆಂಬುದು ಯೋಚನೆ. ಅದಕ್ಕೆ ತಕ್ಕ ಜಾಗ ಎಲ್ಲೆಲ್ಲಿ ಇರಬಹುದೆಂದು ಮೊದಲ ಸುತ್ತಿನಲ್ಲಿ ನೋಡುವುದಷ್ಟೇ ನಮ್ಮ ತಂಡದ ಪಾಲಿಗೆ ಬಂದಿದ್ದ ಕೆಲಸ. ಬಿರುಕಿದ್ದಲ್ಲಿ ನೀರು ಓಡಾಡುತ್ತದೆ, ನೀರು ಓಡಾಡಿದರೆ ಹೂತದ್ದು ಒಂದಲ್ಲ ಒಂದು ದಿನ ಮೇಲೆ ಬರುತ್ತದೆ. ಲೋಕದಲ್ಲಿ ನೆಲ ಕೊರೆಯುವವರೆಲ್ಲ ನೀರು ಕಂಡರೆ ಕುಣಿಯುತ್ತಾರೆ, ನಾವು ಮುಖ ಸಿಂಡರಿಸುತ್ತಿದ್ದೆವು.

ಗುಂಡ್ಲುಪೇಟೆ ಪಕ್ಕದ ಮದ್ದೂರು ಕಡೆಯದು ಪೂರಾ ಕಾಡು, ಅದನ್ನು ನಕ್ಷೆಯಲ್ಲೇ ಬಿಟ್ಟೆವು. ಕೊನೆಗೆ ಉಳಿದದ್ದು ಪುಣಜನೂರಿನ ಆಚೆ, ಕಾಡಂಚಿನ ಒಂದು ಸಣ್ಣ ಊರಿನ ಪಕ್ಕದ ಬಂಡೆ. ಸಂಕ್ರಾಂತಿ ಕಳೆದ ಮೇಲೆ ಅಲ್ಲಿಗೆ ಕೋರ್ ಡ್ರಿಲ್ಲಿಂಗ್ ಯಂತ್ರ ತಂದೆವು. ಕೊಳವೆಯ ತುದಿಯಲ್ಲಿ ವಜ್ರದ ಹಲ್ಲು ಕೂರಿಸಿ, ಬಂಡೆಯನ್ನು ಬಾಳೆದಿಂಡಿನಂತೆ ಉದ್ದುದ್ದ ತುಂಡಾಗಿ ಮೇಲೆತ್ತುವ ಯಂತ್ರ ಅದು.

ಆ ಕಡೆಯ ಜನರಿಗೆ ನೆಲ ಕೊರೆಯುವ ಯಂತ್ರವೆಂದರೆ ಒಂದೇ ಅರ್ಥ, ಬೋರ್‌ವೆಲ್. ಇದು ಕಲ್ಲು ಪರೀಕ್ಷೆಗೆ ಬಂದಿರುವುದೆಂದು ಊರವರಿಗೆ ಮೊದಲ ದಿನವೇ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರನೆಯ ಬೆಳಿಗ್ಗೆ ಯಂತ್ರಕ್ಕೆ ಅರಿಶಿನ ಕುಂಕುಮ ಬಿದ್ದಿತ್ತು, ಚಕ್ರದಡಿ ನಿಂಬೆಹಣ್ಣು ಇತ್ತು. ಇಟ್ಟವಳು ಮಾದಮ್ಮ. ಅರವತ್ತರ ಹತ್ತಿರದ ಹೆಂಗಸು, ಸೊಂಟ ಬಿದ್ದುಹೋಗಿ ಕೋಲೂರಿ ನಡೆಯುತ್ತಿದ್ದಳು. ಜೊತೆಗೆ ಸೊಸೆ ರಾಜಿ, ನಾಲ್ಕು ತಿಂಗಳ ಬಸುರಿ.

ಊರಿನ ಕೈಪಂಪು ಒಣಗಿ ಎರಡು ವರ್ಷವಾಗಿತ್ತು. ನೀರೆಂದರೆ ಕಾಡೊಳಗಿನ ಕಟ್ಟೆಯದು. ಆನೆಗಳೂ ಅಲ್ಲಿಗೇ ಬರುತ್ತಿದ್ದವು. ರಾಜಿಯ ಗಂಡ ತಾಳವಾಡಿ ಕಡೆ ಕಬ್ಬು ಕಡಿಯಲು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಸಂತೆಮರಹಳ್ಳಿ ಕಡೆಯ ಅವಳ ತವರಿನಲ್ಲಿ ಕರೆಯುವವರು ಯಾರೂ ಉಳಿದಿರಲಿಲ್ಲ. ಹಿಂದಿನ ವರ್ಷ ಏಳನೇ ತಿಂಗಳಲ್ಲಿ ತುಂಬಿದ ಕೊಡ ಹೊತ್ತು ಬರುವಾಗಲೇ ಅವಳ ಚೊಚ್ಚಲ ಕೂಸು ಹೋಗಿತ್ತು. ಹೊಲದಂಚಿನ ಹೊಂಗೆ ಮರದಡಿ ಅದನ್ನು ಹೂತಿದ್ದರು. "ಈ ಸಲ ಇವ್ಳ ತಲೆ ಮ್ಯಾಲೆ ಬಿಂದ್ಗೆ ಮಡಗಾಕಿಲ್ಲ ಸಾಮಿ. ಅದ್ಕೇ ಗಂಗವ್ವ ನಿಮ್ಮನ್ನ ಕಳಿಸವ್ಳೆ," ಎಂದಳು ಮಾದಮ್ಮ. ಇದು ನೀರಿಗಲ್ಲ ಎಂದು ಮತ್ತೆ ಹೇಳಿದೆ. ಅವಳು ನಕ್ಕು ಕುಂಕುಮದ ಬಟ್ಟಲು ಮುಚ್ಚಿಕೊಂಡು ಹೋದಳು.

ಕೋರ್ ಡ್ರಿಲ್ಲಿಂಗ್‌ನಲ್ಲಿ ಹಲ್ಲು ಕಾಯದಂತೆ ಕೊಳವೆಯೊಳಗೆ ನೀರು ಬಿಡಬೇಕು. ಆ ನೀರು ಕಲ್ಲಿನ ಪುಡಿಯೊಂದಿಗೆ ತಿರುಗಿ ಮೇಲೆ ಬರುತ್ತದೆ. ನಮ್ಮ ಟ್ಯಾಂಕರ್ ಅದನ್ನು ಚಾಮರಾಜನಗರದಿಂದ ಹೊತ್ತು ತರುತ್ತಿತ್ತು. ಕೊರೆಯಲು ಶುರು ಮಾಡಿದ ದಿನ ಕುಳಿಯ ಬಾಯಲ್ಲಿ ಬೂದು ಬಣ್ಣದ ನೀರು ಉಕ್ಕಿದ್ದೇ ತಡ, "ಗಂಗವ್ವ ಬಂದ್ಲು ಕಣ್ರಪ್ಪೋ!" ಎಂದು ಮಾದಮ್ಮ ಕೂಗಿದಳು. ಊರಿಗೆ ಊರೇ ಬಂತು. ಹೆಂಗಸರು ಆ ಕೆಸರುನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರು. ರಾಜಿಯನ್ನು ಮುಂದೆ ನಿಲ್ಲಿಸಿ, ಮಡಿಲಿಗೆ ಬೆಲ್ಲ ಕೊಬ್ಬರಿ ಹಾಕಿ ಗಂಗೆಪೂಜೆ ಮಾಡಿಸಿದರು. ಆ ಹುಡುಗಿ ಅಷ್ಟು ದಿನದಲ್ಲಿ ಮೊದಲ ಬಾರಿ ಬಾಯ್ತುಂಬ ನಕ್ಕದ್ದನ್ನು ಕಂಡೆ.

ಸುಮ್ಮನಿರಲಾಗಲಿಲ್ಲ. "ಅವ್ವಾ, ಇದು ನೆಲದ ನೀರಲ್ಲ, ನಮ್ಮ ಟ್ಯಾಂಕರಿಂದೇ ತಿರುಗಿ ಬರ್ತಿರೋದು," ಎಂದೆ. ಗುಂಪು ಸದ್ದಿಲ್ಲದೆ ಕರಗಿತು. ಮಾದಮ್ಮ ಮಾತ್ರ ನಿಂತಳು. ಹಾಗಾದರೆ ಈ ಕುಳಿ ಯಾತಕ್ಕೆ ಎಂದು ಕೇಳಿದಳು. ಮುಂದೆಂದಾದರೂ ಇಂಥ ಜಾಗದಲ್ಲಿ ವಿಷ ಹೂಳಬಹುದೇ ಎಂದು ನೋಡುತ್ತಿದ್ದೇವೆ, ಅದಕ್ಕೆ ನೀರಿರಬಾರದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಕುಳಿಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು.

"ಇಸ ಮಡಗಕ್ಕೆ ಇಷ್ಟು ಆಳ ತೋಡ್ತೀರಿ. ನೀರ್ಗೆ ಯಾರೂ ತೋಡಾಕಿಲ್ವಲ್ಲ ಸಾಮಿ."

ಅದಕ್ಕೆ ಉತ್ತರ ಹುಡುಕಿದವನು ನಮ್ಮ ಡ್ರಿಲ್ಲರ್, ಗುಂಡ್ಲುಪೇಟೆಯ ಬಸಪ್ಪ. "ಸಾ, ದಿನಾ ನಾಕು ಬಿಂದ್ಗೆ ಕೊಟ್ಬುಟ್ರೆ ನಮ್ ಮಿಷಿನ್ ಏನ್ ನಿಂತೋಯ್ತದಾ?" ಎಂದ. ಅಂದಿನಿಂದ ಟ್ಯಾಂಕರ್ ಮೊದಲು ನಿಲ್ಲುತ್ತಿದ್ದುದು ಮಾದಮ್ಮನ ಬಾಗಿಲಲ್ಲಿ. ರಾಜಿ ಕಟ್ಟೆಯ ದಾರಿ ಮರೆತಳು. ಕೆನ್ನೆಗಳು ತುಂಬಿಕೊಂಡವು.

ಬಂಡೆ ನಮ್ಮ ಲೆಕ್ಕಕ್ಕೆ ಚಿನ್ನದಂಥದು. ಪೆಟ್ಟಿಗೆ ಪೆಟ್ಟಿಗೆ ಕಲ್ಲಿನ ತುಂಡು ಬಂತು, ಬಿರುಕೇ ಇಲ್ಲ. ಮೇಲಿನವರು ಶಹಭಾಸ್ ಎಂದರು. ನೀರು ಎಲ್ಲಿದೆಯೆಂಬುದೂ ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಊರಿನ ಪೂರ್ವಕ್ಕೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಬಂಡೆ ಒಡೆದು ಹೋಳಾದ ಒಂದು ಪಟ್ಟಿಯಿತ್ತು. ನಮಗೆ ಬೇಡವೆಂದು ನಾವು ಮೊದಲೇ ಬಿಟ್ಟಿದ್ದ ಜಾಗ. ಅಲ್ಲೊಂದು ಬೋರ್ ಹಾಕಿಸಿ ಎಂದು ತಾಲ್ಲೂಕಿನ ಕಚೇರಿಗೆ ಹೋಗಿ ಕೇಳಿದೆ. ಅದು ಅರಣ್ಯದ ಗಡಿಕಲ್ಲಿನಿಂದಾಚೆ ಬರುತ್ತದೆ, ಅಲ್ಲಿ ಕೊರೆಯುವಂತಿಲ್ಲ ಎಂದರು. ಅರಣ್ಯದ ಕಚೇರಿಗೂ ಹೋದೆ, ಬೇಡಿಕೊಂಡೆ, ಕೊನೆಗೆ ಜಗಳವನ್ನೂ ಆಡಿದೆ. ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಯುಗಾದಿಗೆ ಮೊದಲೇ ಯಂತ್ರವನ್ನು ಬೇರೆ ಕಡೆ ಸಾಗಿಸಲು ಆದೇಶ ಬಂತು. ಯಂತ್ರದ ಜೊತೆ ಟ್ಯಾಂಕರ್ ಹೋಗಲೇಬೇಕು. ಅದನ್ನಾದರೂ ಉಳಿಸಿಕೊಡಿ ಎಂಬ ನನ್ನ ಕೋರಿಕೆಗೆ ಮೇಲಿನಿಂದ ಇಲ್ಲವೆಂದೇ ಉತ್ತರ ಬಂತು. ಹೊರಟ ದಿನ ಮಾದಮ್ಮ ಜೀಪಿನ ಬಾಗಿಲು ಹಿಡಿದುಕೊಂಡಳು. "ಇನ್ ಮೂರೇ ತಿಂಗ್ಳು ಸಾಮಿ. ಕೂಸು ಕೈಗ್ ಬಂದ್ಬುಟ್ರೆ ಸಾಕು," ಎಂದಳು. ಊರಲ್ಲಿದ್ದ ಡ್ರಮ್ಮುಗಳನ್ನೆಲ್ಲ ತುಂಬಿಸಿ ಹೊರಟೆವು. ಆ ಬಿಸಿಲಿಗೆ ಅದು ಎಷ್ಟು ದಿನದ ನೀರು?

ಪರೀಕ್ಷೆ ಮುಗಿದ ಕುಳಿಯನ್ನು ಸಿಮೆಂಟ್ ತುಂಬಿ ಮುಚ್ಚುವುದು ನಮ್ಮ ನಿಯಮ. ಅದಕ್ಕಾಗಿ ಆಷಾಢದಲ್ಲಿ ಬಸಪ್ಪನೊಂದಿಗೆ ಮತ್ತೆ ಹೋದೆ. ಕೂಸಿಗೆಂದು ನನ್ನ ಹೆಂಡತಿ ಒಂದು ಕುಲಾವಿ ಹೊಲಿದು ಕಳಿಸಿದ್ದಳು. ಕುಳಿಯ ಕಬ್ಬಿಣದ ಮುಚ್ಚಳದ ಮೇಲೆ ಕುಂಕುಮವಿತ್ತು, ಆದರೆ ಹಳೆಯದು, ಮಸುಕಾಗಿತ್ತು. ಮಾದಮ್ಮ ಕೋಲೂರಿಕೊಂಡು ಬಂದಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು.

"ಕಟ್ಟೆ ಏರಿ ಮ್ಯಾಲೆ ಆನೆ ಕಂಡು ಓಡಕ್ಕೋಗಿ ಬಿದ್ಬುಟ್ಲು ಸಾಮಿ. ಗಂಡು ಕೂಸು. ಮೊದಲ್ನೇದ್ರ ಪಕ್ಕದಲ್ಲೇ ಮಡಗುದ್ವಿ."

ರಾಜಿ ಬದುಕಿದ್ದಳು. ಜಗಲಿಯ ಮೂಲೆಯಲ್ಲಿ ಕೂತಿದ್ದವಳು ನಮ್ಮನ್ನು ಕಂಡು ಎದ್ದು, ಒಳಗಿನಿಂದ ಒಂದು ಚೊಂಬು ನೀರು ತಂದು ಕೊಟ್ಟಳು. ಅದು ಯಾವ ನೀರೆಂದು ನನಗೆ ಗೊತ್ತಿತ್ತು. ಕುಡಿಯಲೂ ಆಗಲಿಲ್ಲ, ಬೇಡವೆನ್ನಲೂ ಆಗಲಿಲ್ಲ. ಚೊಂಬು ಹಿಡಿದು ಅತ್ತುಬಿಟ್ಟೆ. ಕುಲಾವಿ ಜೇಬಿನಲ್ಲೇ ಉಳಿಯಿತು. ಬಸಪ್ಪ ಒಬ್ಬನೇ ಹೋಗಿ ಕುಳಿಗೆ ಸಿಮೆಂಟ್ ಸುರಿದ.

ಮುಂದೆ ನಾನು ಎಷ್ಟೋ ಜಾಗಗಳ ಪರಿಶೀಲನೆ ಮಾಡಿದೆ. ಎಲ್ಲಿಗೆ ಹೋದರೂ ಮೊದಲು ಕೇಳುತ್ತಿದ್ದುದು, ಇಲ್ಲಿಯವರು ಕುಡಿಯಲು ಏನು ಮಾಡುತ್ತಾರೆ ಎಂದು. ಕಿರಿಯರು ಒಳಗೊಳಗೇ ನಗುತ್ತಿದ್ದರು, ನಗಲಿ. ಸಾವಿರಾರು ವರ್ಷ ಮುಂದಿನವರ ಕ್ಷೇಮ ನೋಡುವ ಕೆಲಸ ನಮ್ಮದು, ದೊಡ್ಡ ಕೆಲಸವೇ. ಆದರೆ ಮಾದಮ್ಮ ಕೇಳಿದ್ದು ಮೂರು ತಿಂಗಳು. ಅದನ್ನು ಕೊಡಲಾಗದಿದ್ದರೆ ಉಳಿದದ್ದು ಬರೀ ಲೆಕ್ಕ ಎಂದು ಈ ವೃತ್ತಿ ನನಗೆ ಕಲಿಸಿತು.

ಆ ಯೋಜನೆ ಮುಂದುವರಿಯಲಿಲ್ಲ. ನಾವು ಹೂಳಬೇಕೆಂದಿದ್ದ ಯಾವುದೂ ಆ ಊರಿಗೆ ಬರಲಿಲ್ಲ. ಅಲ್ಲಿ ಹೂತದ್ದು ಹೊಂಗೆ ಮರದಡಿಯ ಆ ಎರಡು ಕೂಸುಗಳನ್ನು ಮಾತ್ರ.