ಹುಳುಮನೆಯ ರೈಲು

ಭೀಮನಬೀಡಿನ ಮಲ್ಲಿಕಾರ್ಜುನಸ್ವಾಮಿಗೆ ಬೇಕಾಗಿದ್ದದ್ದು ಪೆಟ್ಟಿಗೆ ಮಾತ್ರ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಕೇರಳದವನೊಬ್ಬ ಗುಜರಿ ಅಂಗಡಿ ಇಟ್ಟಿದ್ದಾನೆ. ಅಲ್ಲಿಗೆ ಘಟ್ಟದ ಮೇಲಿನ ಯಾವುದೋ ಬಂಗಲೆಯ ಸಾಮಾನು ಬಂದಿತ್ತು. ಅದರಲ್ಲಿದ್ದ ತೇಗದ ಪೆಟ್ಟಿಗೆ ಸ್ವಾಮಿಯ ಕಣ್ಣಿಗೆ ಬಿತ್ತು. ಗಟ್ಟಿ ಮುಚ್ಚಳ, ಇಲಿ ಹಲ್ಲು ಹಾಕಲಾರದ ಮರ, ಬಿತ್ತನೆ ಕಾಳು ತುಂಬಿಡಲು ಹೇಳಿ ಮಾಡಿಸಿದಂತಿತ್ತು. ಮನೆಗೆ ತಂದು ಜಗಲಿಯ ಮೇಲೆ ಇಳಿಸಿ, ಒಳಗಿರುವುದನ್ನೆಲ್ಲ ತಿಪ್ಪೆಗೆ ಸುರಿ ಎಂದು ಹೆಂಡತಿಗೆ ಹೇಳಿ ಹೊಲಕ್ಕೆ ಹೋದ.

ಶಿವಲಕ್ಷ್ಮಿ ಸುರಿಯಲಿಲ್ಲ. ಹಳದಿ ತಿರುಗಿದ ಇಂಗ್ಲಿಷ್ ಪೇಪರಿನಲ್ಲಿ ಸುತ್ತಿಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಗೇಣುದ್ದದ ರೈಲು ಎಂಜಿನ್ನು, ನಾಲ್ಕು ಬೋಗಿ, ಬೆರಳಗಲದ ಹಳಿಯ ತುಂಡುಗಳು ಒಂದು ರಾಶಿ, ರೈಲು ದಾರಿ ಬದಲಿಸುವ ಪಾಯಿಂಟು ಎರಡು. ಎಂಜಿನ್ನಿನ ಹೊಟ್ಟೆಯ ಕೆಳಗಿದ್ದ ಸ್ಕ್ರೂಗಳನ್ನು ಚಾಕುವಿನ ತುದಿಯಿಂದ ತಿರುಗಿಸಿ ತೆಗೆದಾಗ ಹೆಬ್ಬೆರಳು ಗಾತ್ರದ ಮೋಟರು ಕೈಗೆ ಬಂತು. ಅದನ್ನು ಮೂಗಿನ ಹತ್ತಿರ ಹಿಡಿದಳು. ಒಳಗೆ ಸುತ್ತಿದ ತಂತಿಯ ಕಾಯಿಲು ಸುಟ್ಟಿದೆ ಎಂದು ವಾಸನೆಯಿಂದಲೇ ಗೊತ್ತಾಯಿತು.

ಅದು ಅವಳಿಗೆ ಹತ್ತೊಂಬತ್ತು ವರ್ಷ ಬಳಕೆಯಲ್ಲಿದ್ದ ವಾಸನೆ. ಅವಳ ತವರು ಚಾಮರಾಜನಗರ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ. ಮದುವೆಯಾದ ಮೇಲೂ ಅದೇ ಊರಿನಲ್ಲಿ ಬಾಡಿಗೆ ಮನೆ ಮಾಡಿದ್ದರು. ಸ್ವಾಮಿ ಆಗ ಬಿತ್ತನೆ ಬೀಜದ ಕಂಪನಿಯೊಂದರ ವ್ಯಾನು ಓಡಿಸುತ್ತಿದ್ದ. ಅವಳು ಬೆಳಗಿನ ರೈಲು ಹಿಡಿದು ನಂಜನಗೂಡಿಗೆ ಹೋಗಿ, ಸಣ್ಣ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಕಾರ್ಖಾನೆಯಲ್ಲಿ ಕೂರುತ್ತಿದ್ದಳು. ಹಳಿಯ ಗೇಜ್ ಬದಲಾಯಿಸುವಾಗ ರೈಲು ನಿಂತು ಒಂದಷ್ಟು ಕಾಲ ಬಸ್ಸು, ಆಮೇಲೆ ಮತ್ತೆ ರೈಲು. ಕೊನೆಗೆ ಕಾರ್ಖಾನೆಗೆ ತಂತಿ ಸುತ್ತುವ ಯಂತ್ರ ಬಂತು. ನಲವತ್ತು ಹೆಂಗಸರಿದ್ದ ಹಾಲಿನಲ್ಲಿ ಆರು ಜನ ಉಳಿದರು. ಆ ಆರರಲ್ಲಿ ಅವಳಿರಲಿಲ್ಲ. ಅದೇ ವರ್ಷ ಮಾವ ತೀರಿಕೊಂಡರು, ಸ್ವಾಮಿ ವ್ಯಾನು ಬಿಟ್ಟು ಜಮೀನಿಗೆ ಮರಳಿದ, ಇಬ್ಬರೂ ಭೀಮನಬೀಡಿಗೆ ಬಂದರು.

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ರೈಲಿಲ್ಲ. ಅದರಿಂದ ಅವಳಿಗೆ ದುಃಖವೇನೂ ಆಗಲಿಲ್ಲ. ಮೊದಲ ಒಂದು ವರ್ಷ ಮಾತ್ರ ಬೆಳಗಿನ ಜಾವ ನಾಲ್ಕೂವರೆಗೇ ಎಚ್ಚರವಾಗಿ, ಓಡುವ ಕೆಲಸವಿಲ್ಲದೆ ಸುಮ್ಮನೆ ಹಾಸಿಗೆಯಲ್ಲಿ ಕೂತಿರುತ್ತಿದ್ದಳು.

ಸುಟ್ಟ ಕಾಯಿಲನ್ನು ಸುತ್ತು ಎಣಿಸುತ್ತ ಬಿಚ್ಚಿದಳು. ಮೋಟರಿನೊಳಗೆ ತಂತಿ ಸುತ್ತುವ ಮೂರು ಕಾಲುಗಳಿಗೂ ಒಂದೇ ಲೆಕ್ಕ ಬಂತು. ಗುಂಡ್ಲುಪೇಟೆಯ ವೈಂಡಿಂಗ್ ಅಂಗಡಿಗಳಲ್ಲಿ ಬೋರ್‌ವೆಲ್ ಮೋಟರಿನ ದಪ್ಪ ತಂತಿ ಬಿಟ್ಟರೆ ಕೂದಲಿನಂಥ ತಂತಿ ಸಿಗಲಿಲ್ಲ. ಅಟ್ಟದ ಮೇಲೆ ಮಾವನ ಕೆಟ್ಟ ರೇಡಿಯೊ ಇತ್ತು, ಅದರ ಟ್ರಾನ್ಸ್‌ಫಾರ್ಮರು ಒಡೆದು ತಂತಿ ತೆಗೆದಳು. ಮೊದಲ ಸಲ ಸುತ್ತುವಾಗ ತಂತಿ ಹರಿಯಿತು. ಎರಡನೆಯ ಸಲವೂ ಹರಿಯಿತು. ಕೆಲಸ ಬಿಟ್ಟು ಎಂಟು ವರ್ಷವಾಗಿತ್ತು, ಕಳೆ ಕಿತ್ತು ಬೆರಳು ಒರಟಾಗಿದ್ದವು. ಒಂದು ವಾರ ರಾತ್ರಿ ಮಲಗುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಮೂರನೆಯ ಸಲ ತಂತಿ ನಿಂತಿತು.

ಔಷಧಿ ಹೊಡೆಯುವ ಬ್ಯಾಟರಿ ಪಂಪೊಂದು ಡಬ್ಬ ಒಡೆದು ಮೂಲೆಯಲ್ಲಿ ಬಿದ್ದಿತ್ತು. ಅದರ ಬ್ಯಾಟರಿಯನ್ನೂ, ರಭಸ ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿಯನ್ನೂ ಬಿಚ್ಚಿ ತಂದು ಎರಡು ವೈರು ಮುಟ್ಟಿಸಿದಳು. ಮೋಟರು ಅಂಗೈಯಲ್ಲೇ ಗುಂಯ್ಗುಟ್ಟಿತು.

"ಪೆಟ್ಗೆ ಕಾಲಿ ಮಾಡು ಅಂದ್ರೆ ಅಂಗಡಿ ಆಕ್ಕೊಂಡು ಕೂತಿದ್ದೀಯಲ್ಲಮ್ಮಿ," ಎಂದ ಸ್ವಾಮಿ.

"ಪೆಟ್ಗೆ ಕಾಲಿ ಅದೆ. ತಕ್ಕೊಂಡೋಗಿ," ಎಂದಳು.

ರೈಲು ಹಾಸಲು ಜಾಗ ಹುಡುಕಬೇಕಾಗಲಿಲ್ಲ. ಮನೆಯ ಹಿಂದೆ ರೇಷ್ಮೆ ಸಾಕುವ ಹುಳುಮನೆ ಮೂರು ವರ್ಷದಿಂದ ಖಾಲಿ ಬಿದ್ದಿತ್ತು. ಪಕ್ಕದ ಹೊಲದವರು ಚೆಂಡುಹೂ ಹಾಕಿ ಔಷಧಿ ಹೊಡೆಯತೊಡಗಿದ ಮೇಲೆ ಗಾಳಿಗೆ ಅದು ಇವರ ಹಿಪ್ಪುನೇರಳೆ ಸೊಪ್ಪಿಗೆ ಬಂದು, ಎರಡು ಬೆಳೆ ಹುಳು ಸತ್ತು, ಸ್ವಾಮಿ ಸಾಕುವುದನ್ನೇ ನಿಲ್ಲಿಸಿದ್ದ. ಒಳಗೆ ಉದ್ದಕ್ಕೆ ಕಬ್ಬಿಣದ ಸ್ಟ್ಯಾಂಡುಗಳು ಅಂತಸ್ತಿನ ಮೇಲೆ ಅಂತಸ್ತಾಗಿ ನಿಂತಿದ್ದವು. ಸೊಂಟದೆತ್ತರದ ಅಂತಸ್ತಿನ ಮೇಲೆ ಪ್ಲೈವುಡ್ ಹಾಸಿ, ಕೆಳಗೆ ರೀಪು ಕೊಟ್ಟು ಮೊಳೆ ಹೊಡೆದಾಗ ಇಪ್ಪತ್ತನಾಲ್ಕು ಅಡಿಯ ಒಂದೇ ಹಲಗೆಯಾಯಿತು.

ಏನು ಕಟ್ಟಬೇಕು ಎಂದು ಅವಳು ಯೋಚಿಸಿದವಳಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಲೈನು, ಚಾಮರಾಜನಗರದಿಂದ ನಂಜನಗೂಡಿನ ತನಕ. ರಟ್ಟು ಕತ್ತರಿಸಿ ಬದನಗುಪ್ಪೆಯ ಸ್ಟೇಷನ್ನು ಮಾಡಿದಳು, ಕವಲಂದೆಯದು ಮಾಡಿದಳು. ತಲೆ ತೊಳೆಯಲು ಇಟ್ಟಿದ್ದ ಒಣ ಚಿಗರೆಸೊಪ್ಪಿನ ಪುಡಿಗೆ ಅಂಟು ಕಲಸಿ ಮರ ಮಾಡಿದಳು. ರೈಲು ಈ ತುದಿಯಿಂದ ಆ ತುದಿಗೆ ಹೋಯಿತು. ಹಿಂದೆ ಬರುವಾಗ ಎಂಜಿನ್ನು ಹಿಂದಿನಿಂದ ನೂಕುತ್ತ ಬಂತು. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ. ರೈಲು ತಾನಾಗಿ ತಿರುಗಿಕೊಂಡು ಮುಖ ಮುಂದೆ ಮಾಡಿ ಬರಲಿ ಎಂದು ಎರಡು ತುದಿಗೂ ಹಳಿಯನ್ನು ದುಂಡಗೆ ಬಗ್ಗಿಸಿ, ಪಾಯಿಂಟು ಹಾಕಿ, ಅದೇ ಹಳಿಗೆ ತಂದು ಸೇರಿಸಿದಳು.

ಕೊನೆಯ ತುಂಡು ಜೋಡಿಸಿ ಗುಂಡಿ ತಿರುಗಿಸಿದ ಕೂಡಲೇ ಫ್ಯೂಸ್ ಹೋಯಿತು. ಹೊಸದು ಹಾಕಿದಳು, ಅದೂ ಹೋಯಿತು. ಸೇರಿಕೆ ಒಂದೊಂದನ್ನೂ ಬಿಚ್ಚಿ ಒರೆಸಿ ಮತ್ತೆ ಹಾಕಿದಳು. ನಾಲ್ಕು ದಿನವಾದರೂ ತಪ್ಪು ಸಿಗಲಿಲ್ಲ. ಐದನೆಯ ದಿನ, ಒಂದಂಚು ಕೆಂಪು ಒಂದಂಚು ಹಸಿರಿದ್ದ ಹಳೆಯ ಸೀರೆಯನ್ನು ಎರಡೂ ಅಂಚು ಕಾಣುವಂತೆ ಉದ್ದಕ್ಕೆ ಮಡಿಸಿ ಹುಳುಮನೆಯ ನೆಲದ ಮೇಲೆ ಹಾಸಿ, ಹಳಿ ಬಗ್ಗಿಸಿದ ಹಾಗೆ ಬಗ್ಗಿಸಿ ನೋಡಿದಳು. ದುಂಡಗೆ ಹೋಗಿ ಬಂದ ಕೆಂಪು ಅಂಚು ಹಸಿರು ಅಂಚಿನ ಮೇಲೆ ಕೂತಿತು.

ಗುದ್ದಲಿ ಹುಡುಕುತ್ತ ಬಂದ ಸ್ವಾಮಿ ಬಾಗಿಲಲ್ಲಿ ನಿಂತ. "ಇದೇನಮ್ಮಿ, ಸೀರೆ ನೆಲಕ್ಕಾಸ್ಕೊಂಡು?"

"ಎಡಗಡೆ ಹಳಿ ಸುತ್ಕೊಂಡು ಬಂದು ಬಲಗಡೆ ಹಳಿಗೆ ಸೇರ್ಕತದೆ. ಪ್ಲಸ್ಸು ಮೈನಸ್ಸು ಒಂದಾಯ್ತದೆ. ಅದುಕ್ಕೇ ಫ್ಯೂಸ್ ಓಯ್ತದೆ."

ಅವನು ಸೀರೆಯನ್ನು ನೋಡಿದ. "ಬೋರ್ ಮೋಟ್ರು ಉಲ್ಟಾ ತಿರುಗುದ್ರೆ ಏನ್ಮಾಡ್ತೀವಿ? ಎರಡು ವೈರು ಅದ್ಲುಬದ್ಲು ಮಾಡ್ತೀವಿ. ಅಂಗೇ ಮಾಡು."

"ಅಂಗ್ಮಾಡುದ್ರೆ ರೈಲೂ ಉಲ್ಟಾ ಓಯ್ತದೆ ಕಣ್ರಿ. ಬಂದ ದಾರೀಲೇ ವಾಪಸ್ ಬತ್ತದೆ."

"ಅದು ಸುತ್ತಿನ ಒಳಗಿರುವಾಗ ಆಚೆ ಕಡೆ ವೈರು ಬದ್ಲಾಯಿಸು. ಒಳಗಿನ ವೈರ ಮುಟ್ಬ್ಯಾಡ."

ಅವನು ಅದನ್ನು ಬಹಳ ಯೋಚಿಸಿ ಹೇಳಿದವನಲ್ಲ. ಗುದ್ದಲಿ ಸಿಕ್ಕಿತು, ಹೆಗಲ ಮೇಲಿಟ್ಟುಕೊಂಡು ಹೋದ. ಶಿವಲಕ್ಷ್ಮಿ ಸೀರೆಯ ಅಂಚು ಹಿಡಿದು ಬೆರಳಿನಿಂದ ಮತ್ತೆ ಮತ್ತೆ ಸುತ್ತು ಹಾಕಿ ನೋಡಿದಳು. ಸುತ್ತಿನ ಹಳಿಗೆ ಬೇರೆ ಕರೆಂಟು, ನೇರ ಹಳಿಗೆ ಬೇರೆ ಕರೆಂಟು. ನಡುವೆ ಎರಡೂ ಮುಟ್ಟಕೂಡದು. ಸೇರಿಕೆಯ ಕಬ್ಬಿಣದ ಪಟ್ಟಿಗಳನ್ನು ಕಿತ್ತು, ಪೆನ್ನಿನ ರೀಫಿಲ್ಲನ್ನು ಸೀಳಿ ಆ ಜಾಗಕ್ಕೆ ತೊಡಿಸಿದಳು. ಚಾಮರಾಜನಗರಕ್ಕೆ ಫೋನು ಮಾಡಿ, ರೈಲಿನಲ್ಲಿ ಜೊತೆಗೆ ಹೋಗಿಬರುತ್ತಿದ್ದ ಗೆಳತಿ ನಾಗಲಕ್ಷ್ಮಿಯ ಕೈಲಿ ಟಿವಿ ರಿಪೇರಿ ಅಂಗಡಿಯಿಂದ ಪ್ಲಸ್ಸು ಮೈನಸ್ಸು ಅದಲುಬದಲು ಮಾಡುವ ಆರು ಕಾಲಿನ ಸ್ವಿಚ್ಚು ತರಿಸಿ ಬಸ್ಸಿನವರ ಹತ್ತಿರ ಕೊಡಿಸಿಕೊಂಡಳು. ರೈಲು ಸುತ್ತಿನೊಳಗೆ ಹೊಕ್ಕಿತು, ಅವಳು ಪಾಯಿಂಟನ್ನೂ ಸ್ವಿಚ್ಚನ್ನೂ ಒಟ್ಟಿಗೆ ತಿರುಗಿಸಿದಳು, ರೈಲು ಒಂದಿಷ್ಟೂ ತಡೆಯದೆ ಆಚೆ ಬಂದು ಬಂದ ಹಳಿಯ ಮೇಲೆಯೇ ವಾಪಸು ಹೊರಟಿತು.

ಸಂಜೆ ಗಂಡನಿಗೆ ತೋರಿಸಿದಳು. ಅವನು ನಾಲ್ಕು ಸಲ ನೋಡಿದ. ಐದನೆಯ ಸಲ ಸ್ವಿಚ್ಚು ತಾನೇ ತಿರುಗಿಸುತ್ತೇನೆಂದ.

ಹಳಿಯ ಬಲಕ್ಕೂ ಎಡಕ್ಕೂ ಊರು, ಹೊಲ, ಕೆರೆ ಮಾಡಲು ಕೂತಾಗ ಇನ್ನೊಂದು ತೊಡಕು ಕಂಡಿತು. ಒಂದು ಬದಿಯದು ಅವಳಿಗೆ ಪ್ರತಿಯೊಂದೂ ಗೊತ್ತಿತ್ತು. ಇನ್ನೊಂದು ಬದಿಯದು ಏನೂ ಗೊತ್ತಿರಲಿಲ್ಲ. ಬೆಳಿಗ್ಗೆ ಹೋಗುವಾಗ ಅವಳ ಗುಂಪಿಗೆ ಒಂದೇ ಬದಿಯ ಒಂದೇ ಬೆಂಚು. ಸಂಜೆ ನಿಂತು ಬರುವಾಗ ಜನರ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಾಗಲಕ್ಷ್ಮಿಗೆ ಫೋನು ಮಾಡಿ ಕೇಳಿದಳು.

"ಆ ಕಡೆ ಏನಿತ್ತು ಕಣೆ? ನಾನೂ ನಿನ್ ಪಕ್ಕದಲ್ಲೇ ಕೂರ್ತಿದ್ನಲ್ಲ," ಎಂದಳು ನಾಗಲಕ್ಷ್ಮಿ. "ಬರೀ ಹೊಲ ಇರಬೇಕು. ಬಾ, ಒಂದಿನ ಓಗಿ ನೋಡ್ಕೊಂಡು ಬರನ."

ಒಂದು ಸೋಮವಾರ ಇಬ್ಬರೂ ಹೋದರು. ಬೋಗಿಯ ಆ ಬದಿಗೆ ಹೋಗಿ ಕೂತಾಗ ಅಲ್ಲಿದ್ದ ಕಾಲೇಜು ಹುಡುಗಿಯರು ಇವರಿಗೆ ಕಿಟಕಿ ಬಿಟ್ಟುಕೊಟ್ಟರು. ನಾಗಲಕ್ಷ್ಮಿ ಬದನಗುಪ್ಪೆ ಬರುವುದರೊಳಗೆ ಹಳೆಯ ಅಭ್ಯಾಸದಂತೆ ನಿದ್ದೆ ಹೋದಳು. ಶಿವಲಕ್ಷ್ಮಿ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಗೀಚಿದಳು. ಒಂದು ಇಟ್ಟಿಗೆ ಗೂಡು. ಹುಣಸೆಮರ ಮೂರು. ನೀರಿಲ್ಲದ ಕೆರೆ, ಅದರೊಳಗೆ ಕ್ರಿಕೆಟ್ ಆಡುವವರು. ಹಳಿಗೆ ತೀರಾ ಹತ್ತಿರ ನೀಲಿ ಗೋಡೆಯ ಮನೆಯೊಂದಿತ್ತು. ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದ ಹೆಂಗಸು ತಲೆಯೆತ್ತಿ ರೈಲನ್ನು ನೋಡಿ ಮತ್ತೆ ತಲೆ ತಗ್ಗಿಸಿದಳು. ಅವಳಿಗೂ ತನ್ನಷ್ಟೇ ವಯಸ್ಸಿರಬೇಕು ಎನ್ನಿಸಿತು. ಇಷ್ಟು ವರ್ಷವೂ ಅವಳು ಅಲ್ಲೇ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಶಿವಲಕ್ಷ್ಮಿ ಮನೆಯನ್ನು ಬರೆದುಕೊಂಡಳು, ಕಿಟಕಿ ಎಷ್ಟು ಎಂದು ನೋಡಲು ಮರೆತಿದ್ದಳು. ಸಂಜೆ ವಾಪಸು ಬರುವಾಗ ನೋಡಿದಳು. ಎರಡು.

ದೀಪಾವಳಿ ಕಳೆದ ಮೇಲೆ ಪಕ್ಕದವರು ಚೆಂಡುಹೂ ಬಿಟ್ಟು ಬಾಳೆ ಹಾಕಿದರು. ಸ್ವಾಮಿ ತಿಂಗಳೆರಡು ತಿಂಗಳು ಕಾದು ನೋಡಿದ. ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ:

"ನೂರು ಮೊಟ್ಟೆ ಹುಳಕ್ಕೆ ಹೇಳ್ಬುಟ್ಟೆ. ಇನ್ನಿಪ್ಪತ್ತು ದಿನಕ್ಕೆ ಮರಿಹುಳು ಬತ್ತವೆ."

ಶಿವಲಕ್ಷ್ಮಿ ಸಾರು ಬಡಿಸಿದಳು. "ಹುಳುಮನೆ ತೊಳ್ದು ಬ್ಲೀಚಿಂಗ್ ಒಡ್ದು ಒಣಗಕ್ಕೆ ಒಂದ್ವಾರ ಬೇಕು."

"ಅದುಕ್ಕೇ ಈಗ್ಲೇ ಹೇಳ್ದೆ."

"ಹೇಳುದ್ದು ಒಳ್ಳೇದಾಯ್ತು."

ಅವನಿಗೆ ಅದು ಸಾಲಲಿಲ್ಲವೇನೋ. "ಬೇಕಾದ್ರೆ ನಡುಮನೇಲಿ ಇಟ್ಕಳನ," ಎಂದ. ನಡುಮನೆ ಹನ್ನೆರಡು ಅಡಿ ಎಂದು ಇಬ್ಬರಿಗೂ ಗೊತ್ತಿತ್ತು. ಇಪ್ಪತ್ತನಾಲ್ಕು ಅಡಿಯ ಹಲಗೆ ಹುಳುಮನೆಯಿಂದ ಹೊರಗೆ ಬರುವಂತೆಯೂ ಇರಲಿಲ್ಲ. ಬಣ್ಣ, ಬೆಸುಗೆ, ಅಂಟಿನ ವಾಸನೆ ಇದ್ದಲ್ಲಿ ಹುಳು ಬದುಕುವುದಿಲ್ಲ, ಆದ್ದರಿಂದ ಅಲ್ಲೇ ಬಿಡುವ ಮಾತೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಆಚಾರಿಯನ್ನು ಕರೆಸಲೇ ಎಂದು ಕೇಳಿದ. ಅವಳು ಬೇಡವೆಂದಳು. ಸೀಮೆಸುಣ್ಣದಲ್ಲಿ ಹಲಗೆಯ ಅಡ್ಡಕ್ಕೆ ಮೂರು ಗೆರೆ ಎಳೆದಳು. ಸ್ಟೇಷನ್ನುಗಳ ಮೇಲೆ ಗೆರೆ ಬರದಂತೆ ನೋಡಿಕೊಂಡಳು, ಆದರೆ ರಟ್ಟಿನಲ್ಲಿ ಮಾಡಿದ್ದ ನೀಲಿ ಗೋಡೆಯ ಮನೆ ಗೆರೆಯ ಮೇಲೇ ಬಂತು. ಅದನ್ನು ಕಿತ್ತು ಪಕ್ಕಕ್ಕಿಟ್ಟಳು. ಹಳಿಯನ್ನು ಹ್ಯಾಕ್ಸಾ ಬ್ಲೇಡಿನಿಂದ, ಮರವನ್ನು ಕೈಗರಗಸದಿಂದ ಕೊಯ್ದಳು. ಕೆಳಗೆ ಓಡಾಡುವ ವೈರುಗಳಿಗೆ ಕತ್ತರಿ ಹಾಕುವ ಮುಂಚೆ ಪ್ರತಿಯೊಂದಕ್ಕೂ ಎರಡು ಬದಿಗೆ ಒಂದೇ ನಂಬರಿನ ಚೀಟಿ ಅಂಟಿಸಿದಳು. ಮೂವತ್ತೊಂದು ವೈರು. ಕೊಯ್ಯುವ ಕೆಲಸ ಒಂದೂವರೆ ದಿನ ಹಿಡಿಯಿತು. ಸ್ವಾಮಿ ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದ.

ನಾಲ್ಕು ಹಲಗೆಗಳನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ಟಾರ್ಪಾಲು ಹೊದಿಸಿದರು. ಹುಳು ಬಂದವು. ಹಗಲು ಸೊಪ್ಪು ಕೊಯ್ಯುವುದು, ಹೊತ್ತು ಹೊತ್ತಿಗೆ ಹಾಕುವುದು, ಅವಳಿಗೆ ಬೇರೆ ಯೋಚನೆಗೆ ಪುರುಸೊತ್ತಿರಲಿಲ್ಲ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ, ಅಲ್ಲಾಡದೆ ಮಲಗಿ ಹಳೆಯ ಪೊರೆ ಬಿಡುತ್ತವೆ. ಆ ಬಿಡುವಿನ ದಿನ ಅವಳು ಗುಂಡ್ಲುಪೇಟೆಗೆ ಹೋದಳು. ಬಸ್‌ಸ್ಟ್ಯಾಂಡಿನ ಹತ್ತಿರ ಟೆಂಪೊಗಳ ವೈರಿಂಗ್ ಮಾಡುವ ಪುಟ್ಟಮಲ್ಲಪ್ಪನ ಅಂಗಡಿಯಿದೆ. ಹೆಡ್‌ಲೈಟಿನ ವೈರು ಸೇರಿಸುವ ಪ್ಲಾಸ್ಟಿಕ್ ಕಪ್ಲರುಗಳನ್ನು ಕೇಳಿದಳು.

"ಯಾವ್ ಗಾಡಿಗಕ್ಕ?" ಎಂದು ಅವನು ಕೇಳಿದ.

"ರೈಲಿಗೆ," ಎಂದಳು.

ಅವನು ಅವಳ ಮುಖ ನೋಡಿ ಒಂದು ಚೀಲ ತುಂಬಿ ಕೊಟ್ಟ.

ಕೊಟ್ಟಿಗೆಯಲ್ಲಿ ಕೂತು, ಚೀಟಿಯ ನಂಬರು ನೋಡಿ ನೋಡಿ, ಎಲ್ಲ ವೈರುಗಳಿಗೂ ಕಪ್ಲರು ಬೆಸೆದಳು. ಹಲಗೆಯಿಂದ ಹಲಗೆಗೆ ಹಳಿ ನೇರ ಕೂರಲು ಬಾಗಿಲ ಕೀಲುಗಳನ್ನು ಹೊಡೆದು, ನಡುವಿನ ಕಡ್ಡಿ ಎಳೆದರೆ ಬೇರೆಯಾಗುವ ಹಾಗೆ ಮಾಡಿದಳು. ಹುಳು ಹಣ್ಣಾಗಿ, ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋದ ಮೇಲೆ ಹುಳುಮನೆ ಮತ್ತೆ ಖಾಲಿಯಾಯಿತು. ಗಂಡ ಹೆಂಡತಿ ಸೇರಿ ಹಲಗೆಗಳನ್ನು ಹೊತ್ತು ತಂದು ಜೋಡಿಸಿದರು. ಮೊದಲ ಸಲ ಮೂರು ದಿನ ಹಿಡಿಯಿತು, ಒಂಬತ್ತನೇ ನಂಬರು ಆರಕ್ಕೆ ಸೇರಿ ಕವಲಂದೆಯಲ್ಲಿ ರೈಲು ನಿಂತುಬಿಟ್ಟಿತ್ತು. ಈಗ ಒಂದು ಬೆಳಗು ಸಾಕು.

ಹೀಗೆ ವರ್ಷಕ್ಕೆ ಐದು ಬೆಳೆ ಹುಳು, ನಡುನಡುವೆ ಹತ್ತು ಹನ್ನೆರಡು ದಿನ ರೈಲು ಎಂದು ನಡೆಯುತ್ತಿದೆ. ಊರಿನವರು ಮೊದಮೊದಲು ಬಂದು ನೋಡಿ ಹೋಗುತ್ತಿದ್ದರು, ಈಗ ಯಾರಾದರೂ ನೆಂಟರು ಬಂದಾಗ ಕರೆತರುತ್ತಾರೆ. ನಾಗಲಕ್ಷ್ಮಿ ಒಮ್ಮೆ ಬಂದು ಎರಡು ದಿನ ಉಳಿದಳು. ರೈಲು ಓಡುವುದನ್ನು ನೋಡಿ, ಬೋಗಿಗಳಲ್ಲಿ ಹೆಂಗಸರೇ ಇಲ್ಲವಲ್ಲ ಎಂದಳು. ಅದಕ್ಕೆ ಶಿವಲಕ್ಷ್ಮಿ ಬೆಂಕಿಕಡ್ಡಿ ಸೀಳಿ ಹದಿನಾಲ್ಕು ಜನರನ್ನು ಮಾಡಿ ಕೂರಿಸಿದ್ದಾಳೆ. ಅವರಲ್ಲಿ ನಾಗಲಕ್ಷ್ಮಿಯ ತಲೆ ಒಂದು ಬದಿಗೆ ವಾಲಿದೆ.

ಕಳೆದ ಭಾನುವಾರ ಮತ್ತೆ ಬಿಚ್ಚಿದರು. ಇನ್ನೆಂಟು ದಿನಕ್ಕೆ ಮರಿಹುಳು ಬರುವುದಿತ್ತು. ಎರಡು ಹಲಗೆ ಸುಲಭವಾಗಿ ಬಂದವು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವಿನ ಕಪ್ಲರೊಂದು ಕಚ್ಚಿಕೊಂಡು ಬಿಡಲಿಲ್ಲ. ಸ್ವಾಮಿ ಎಳೆದು ನೋಡಿದ, ಎಣ್ಣೆ ಬಿಟ್ಟು ನೋಡಿದ. ಕೊನೆಗೆ ಅವಳು ಕಟಿಂಗ್ ಪ್ಲೇಯರ್ ತಂದು ವೈರನ್ನು ಕತ್ತರಿಸಿ, ಎರಡು ತುದಿಗೂ ಇಪ್ಪತ್ತಾರು ಎಂದು ಚೀಟಿ ಬರೆದು ಅಂಟಿಸಿದಳು. ಇಬ್ಬರೂ ಹಲಗೆಯನ್ನು ಎತ್ತಿಕೊಂಡು ಬಾಗಿಲು ದಾಟಿಸಿದರು.