ಉಡಿ ತುಂಬಿದರೆ ಮುಗೀತಂತೆ

ಕೇಳಿ ಗೆಳೆಯರೇ, ಇಂದು ಬೆಳಿಗ್ಗೆ ಮುಂಡರಗಿ ಕಡೆಯ ನಮ್ಮೂರ ಕಟ್ಟೆಯ ಮೇಲೆ ಹಿರಿಯರು ನ್ಯಾಯ ಹೇಳಿದರು. ಹತ್ತಿ ಹೊಲದಲ್ಲಿ ನೆರೆಮನೆಯ ಹುಡುಗಿಯ ಮೇಲೆ ಬಲಾತ್ಕಾರ ಮಾಡಿದವನು ಅವಳಿಗೆ ಸೀರೆ ಕೊಟ್ಟು, ಉಡಿ ತುಂಬಿ, ‘ತಂಗಿ’ ಎನ್ನಬೇಕು. ಅಷ್ಟೇ ಶಿಕ್ಷೆ.

“ಪೊಲೀಸರಿಗೆ ಹೇಳೂಣ್ರಿ” ಎಂದೆ.

“ಹುಡುಗಿ ಲಗ್ನ ಆಗಬೇಕಲ್ರಿ ಅಕ್ಕಾರ? ಉಡಿ ತುಂಬಿದ ಮ್ಯಾಲ ಅಣ್ಣ-ತಂಗಿ ಆದ್ರು, ಮುಗೀತು” ಎಂದರು ಹಿರಿಯರೊಬ್ಬರು.

ಹುಡುಗಿ ಉಡಿ ಒಡ್ಡಲಿಲ್ಲ. ಅವಳ ತಾಯಿಯೇ ಕೈ ಹಿಡಿದು ಒಡ್ಡಿಸಿದಳು.

ಮನೆಗೆ ಬಂದು ಎಂಬತ್ತು ದಾಟಿದ ಅಜ್ಜಿಗೆ ಹೇಳಿದೆ. ಅವಳು ಎದ್ದು, ಟ್ರಂಕಿನಿಂದ ಮಡಿಕೆ ಬಿಚ್ಚದ ಹಳೆಯ ಇಳಕಲ್ ಸೀರೆ ತೆಗೆದಳು.

“ಕನ್ನಡ ನಾಡು ಒಂದಾದ ವರ್ಷ ನನಗೂ ಒಬ್ಬ ಅಣ್ಣನ್ನ ಮಾಡಿಕೊಟ್ಟಿದ್ರವ್ವ.”

ನಮ್ಮೂರಲ್ಲಿ ಇಂಥ ಅಣ್ಣಂದಿರಿಗೆ ಬರವಿಲ್ಲ. ವಯಸ್ಸಾದ ಮೇಲೆ ಕಟ್ಟೆಯ ಮೇಲೆ ನ್ಯಾಯಕ್ಕೂ ಕೂರುತ್ತಾರೆ.